ಆಕಾಶದ ನೀಲಿ ಸಮುದ್ರದ್ದಲ್ಲ

"ಆಕಾಶ ನೀಲಿ ಕಾಣೋದು ಸಮುದ್ರದ ಪ್ರತಿಬಿಂಬದಿಂದ" ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಕಡಲಿನಿಂದ ಅಷ್ಟು ದೂರ ಇರುವ ಬೀದರಿನಲ್ಲೂ ಆಕಾಶ ನೀಲಿಯೇ ಅಲ್ವಾ?

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಗಾಳಿಯ ಅಣುಗಳು ಅದನ್ನು ಚದುರಿಸುತ್ತವೆ, ಬೆಳಕಿನ ತರಂಗ ಗಿಡ್ಡವಾದಷ್ಟೂ ಜಾಸ್ತಿ: 450 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ತರಂಗದುದ್ದದ ನೀಲಿ, 700ರ ಕೆಂಪಿಗಿಂತ ಸುಮಾರು 6 ಪಟ್ಟು ಚದುರುತ್ತದೆ. ಹಾಗಾದರೆ ನೇರಳೆ ಇನ್ನೂ ಜಾಸ್ತಿ ಚದುರಬೇಕಲ್ಲ ಅಂತ ಕೇಳಬಹುದು, ಒಳ್ಳೆಯ ಪ್ರಶ್ನೆ. ಚದುರುತ್ತದೆ. ಆದರೆ ಬಿಸಿಲಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣೂ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ, ಕಣ್ಣಿನ ಬಣ್ಣ ಗುರುತಿಸುವ ಮೂರು ಬಗೆಯ ಶಂಕು ಕೋಶಗಳಿಂದ ಬಂದದ್ದನ್ನೆಲ್ಲ ಮಿದುಳು ಕೂಡಿಸಿದಾಗ ನಮಗೆ ಕಾಣುವುದು ತಿಳಿನೀಲಿ.

ಮನೆಯಲ್ಲೇ ನೋಡಿ. ಗಾಜಿನ ಲೋಟದ ತುಂಬ ನೀರಿಗೆ ಕೆಲವು ಹನಿ ಹಾಲು ಬೆರೆಸಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿಯಿರಿ. ಪಕ್ಕದಿಂದ ನೋಡಿದರೆ ನೀರು ತುಸು ನೀಲಿ, ಎದುರಿನಿಂದ ನೋಡಿದರೆ ಬೆಳಕು ಹಳದಿ-ಕಿತ್ತಳೆ. ನೀಲಿ ಪಕ್ಕಕ್ಕೆ ಚದುರಿಹೋಗಿ ಉಳಿದ ಬಣ್ಣ ಅದು; ಸಂಜೆ ಸೂರ್ಯ ಕೆಂಪಾಗುವುದೂ ಹೀಗೆಯೇ.

ಇನ್ನು ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅನ್ನುವುದೂ ಪೂರ್ತಿ ಸರಿಯಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವಾಗ ಸಿ.ವಿ. ರಾಮನ್ ನಿಕಾಲ್ ಪಟ್ಟಕ ಎಂಬ, ಬೆಳಕನ್ನು ಸೋಸುವ ಹರಳಿನ ಮೂಲಕ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು, ಆಗಲೂ ಕಡಲು ನೀಲಿಯೇ ಇತ್ತು. ನೀರು ಕೆಂಪನ್ನು ಹೀರಿಕೊಳ್ಳುತ್ತದೆ, ಉಳಿದ ನೀಲಿ ಚದುರಿ ಮೇಲೆ ಬರುತ್ತದೆ.