ಜೂನ್ 26ರ ಫಲಕದಲ್ಲಿ ಅಡಿಕೆಗೂ ಜಾಗ ಬೇಕೇ?

ಮಾದಕ ವಸ್ತು ವಿರೋಧಿ ದಿನದಂದು ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಗಾಂಜಾ, ಮದ್ಯ, ತಂಬಾಕಿನ ಸಾಲಿನಲ್ಲೇ ಅಡಿಕೆಯನ್ನೂ ನರಮಂಡಲದ ಮೇಲೆ ಪರಿಣಾಮ ಬೀರುವ ವಸ್ತುವೆಂದು ಮಕ್ಕಳಿಗೆ ತಿಳಿಸಬೇಕೇ?

ಪರ

ಅಡಿಕೆ ತಲೆಗೇರುತ್ತದೆ ಎಂಬುದನ್ನು ಮಲೆನಾಡಿನವರಿಗೆ ಯಾವ ಪ್ರಯೋಗಾಲಯವೂ ಕಲಿಸಬೇಕಾಗಿಲ್ಲ. "ಅಡಿಕೆ ಸೊಕ್ಕಿತು" ಎಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ. ಸುಲಿಯುವ ಕಾಲದಲ್ಲಿ ದೊಡ್ಡವರ ಕಣ್ಣು ತಪ್ಪಿಸಿ ಹಸಿ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡ ಮಗು ಮುಖ ಬಿಸಿಯಾಗಿ, ಬೆವರಿ, ತಲೆ ತಿರುಗಿ ಗೋಡೆಗೊರಗಿದ್ದನ್ನು ತೋಟದ ಮನೆಗಳವರು ನೋಡಿಯೇ ಇರುತ್ತಾರೆ.

ಇದಕ್ಕೆ ಕಾರಣ ಅಡಿಕೆಯಲ್ಲಿರುವ ಅರೆಕೊಲಿನ್. ನರಕೋಶಗಳು ಸಂದೇಶ ದಾಟಿಸಲು ಬಳಸುವ ಅಸಿಟೈಲ್‌ಕೋಲಿನ್‌ನಂತೆಯೇ ವರ್ತಿಸುವ ಈ ರಾಸಾಯನಿಕ, ಜೀವಕೋಶಗಳ ಮೇಲೆ ಆ ಸಂದೇಶವನ್ನು ಹಿಡಿದುಕೊಳ್ಳುವ ಮಸ್ಕರಿನಿಕ್ ಎಂಬ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಬಾಯಲ್ಲಿ ಜೊಲ್ಲು ಉಕ್ಕುವುದೂ ಮೈ ಬೆವರುವುದೂ ಇದರಿಂದಲೇ. ಎಲೆಗೆ ಹಚ್ಚುವ ಸುಣ್ಣದ ಕ್ಷಾರಗುಣ ಅದು ಬಾಯಿಯ ಒಳಪೊರೆಯನ್ನು ದಾಟಿ ರಕ್ತ ಸೇರುವುದನ್ನು ಇನ್ನಷ್ಟು ಸುಲಭ ಮಾಡುತ್ತದೆ. ತಂಬಾಕಿನ ಚಟಕ್ಕೆ ಮೂಲವಾದ ನಿಕೋಟಿನ್ ಗ್ರಾಹಕಗಳ ಮೇಲೂ ಅರೆಕೊಲಿನ್ ಕೆಲಸ ಮಾಡುತ್ತದೆ ಎಂದು ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ತಂಬಾಕು ಮುಟ್ಟದೆ ಬರೀ ಎಲೆ-ಅಡಿಕೆಯ ಕವಳ ಹಾಕುವವರನ್ನೂ, ಅದನ್ನು ಬಿಡಲು ಹೊರಟಾಗ ಕಿರಿಕಿರಿ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವಿಕೆ ಏಕೆ ಕಾಡುತ್ತವೆ ಎಂಬುದಕ್ಕೆ ಇಲ್ಲಿ ಒಂದು ಉತ್ತರವಿದೆ.

ಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಗಂಭೀರವಾಗುತ್ತದೆ. ಹಿಡಿತ ಮತ್ತು ವಿವೇಚನೆಯನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಸುಖವನ್ನು ಅರಸುವ ಭಾಗವಾದರೋ ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತದೆ. ಆ ನಡುವಿನ ವಯಸ್ಸಿನಲ್ಲೇ ಪಾನ್ ಮಸಾಲದ ಚೀಟಿ ಹುಡುಗರ ಜೇಬು ಸೇರುತ್ತಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ 2004ರಲ್ಲೇ ಸೇರಿಸಿದೆ. ನನ್ನ ಓದಿನ ಖರ್ಚು ರಾಶಿ ಅಡಿಕೆಯ ದುಡ್ಡಿನಿಂದಲೇ ಬಂದದ್ದು ಎಂಬುದು ಇದನ್ನು ಬರೆಯುವಾಗ ನೆನಪಿದೆ. ಆ ಋಣವಿರುವುದರಿಂದಲೇ ನಾವು ಬೆಳೆದದ್ದರ ಗುಣವನ್ನು ನಮ್ಮ ಮಕ್ಕಳಿಗೆ ನಾವೇ ಹೇಳಬೇಕು ಎನ್ನುತ್ತೇನೆ.

ವಿರೋಧ

ಅಡಿಕೆ ನರಗಳನ್ನು ಮುಟ್ಟುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಫಿಯೂ ಮುಟ್ಟುತ್ತದೆ. ಅಷ್ಟೇ ಕಾರಣ ಸಾಕಾದರೆ ಚಿಕ್ಕಮಗಳೂರಿನ ಕಾಫಿಬೀಜವನ್ನೂ ಆ ಫಲಕದಲ್ಲಿ ಬರೆಯಬೇಕಾದೀತು.

ಮಿದುಳಿನಲ್ಲಿ ಆಗುವುದೇನು ಎಂಬುದನ್ನೇ ನೋಡೋಣ. ಗಾಂಜಾದಲ್ಲಿ ಅಮಲು ತರುವ ರಾಸಾಯನಿಕವಾದ ಟಿಎಚ್‌ಸಿ ನೆನಪನ್ನೂ ಚಲನೆಯ ಹೊಂದಾಣಿಕೆಯನ್ನೂ ನೋಡಿಕೊಳ್ಳುವ ಭಾಗಗಳಲ್ಲಿ ದಟ್ಟವಾಗಿರುವ ಗ್ರಾಹಕಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನೇ ಅಸ್ತವ್ಯಸ್ತಗೊಳಿಸುತ್ತದೆ. ಮದ್ಯ ನರಗಳ ವೇಗವನ್ನು ತಗ್ಗಿಸಿ ತೂಕಡಿಕೆ ತರುತ್ತದೆ. ಹೆರಾಯಿನ್ ಅತಿಯಾದರೆ ಮಿದುಳುಕಾಂಡವನ್ನು ಹಿಡಿದು ಉಸಿರನ್ನೇ ನಿಲ್ಲಿಸುತ್ತದೆ. ಅಡಿಕೆ ಹೀಗೆ ಮಾಡುವುದಿಲ್ಲ. ಸಾಗರ ತಾಲ್ಲೂಕಿನ ಕಡೆ ಅಡಿಕೆ ಗೊನೆ ಕೊಯ್ಯುವವನು ಬಾಯಲ್ಲಿ ಕವಳವಿಟ್ಟುಕೊಂಡೇ ಮರದ ತುದಿಗೇರಿ, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದು ದಾಟುತ್ತಾನೆ. ಮದ್ಯ ಕುಡಿದವನನ್ನು ಯಾವ ತೋಟದ ಯಜಮಾನನೂ ಮರಕ್ಕೆ ಹತ್ತಿಸುವುದಿಲ್ಲ. ನಮ್ಮಲ್ಲಿ ಬೇಯಿಸಿ ಒಣಗಿಸಿದ ಅಡಿಕೆಯಲ್ಲಿ ಅರೆಕೊಲಿನ್ ಹಸಿಯದಕ್ಕಿಂತ ಕಡಿಮೆಯೇ ಇರುತ್ತದೆ. 1985ರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೂ ಅಡಿಕೆ ಬರುವುದಿಲ್ಲ.

ನನ್ನ ನಿಜವಾದ ಆತಂಕ ಬೇರೆ. ಫಲಕ ನೋಡಿ ಮನೆಗೆ ಬಂದ ಹದಿಮೂರರ ಹುಡುಗನಿಗೆ, ಐವತ್ತು ವರ್ಷದಿಂದ ಕವಳ ಹಾಕುತ್ತಲೇ ಮನೆಯ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ತಪ್ಪದ ಅಜ್ಜಿ ಕಾಣುತ್ತಾಳೆ. ಅಡಿಕೆಯ ವಿಷಯದಲ್ಲಿ ಶಾಲೆ ದೊಡ್ಡದು ಮಾಡಿ ಹೇಳಿದೆ ಎಂದು ಅವನಿಗೆ ಅನ್ನಿಸಿದರೆ, ಗಾಂಜಾದ ವಿಷಯದಲ್ಲೂ ಹಾಗೆಯೇ ಇರಬೇಕೆಂದುಕೊಳ್ಳಲು ಎಷ್ಟು ಹೊತ್ತು ಬೇಕು?

ಅಡಿಕೆಯ ದೊಡ್ಡ ಹಾನಿ ಆಗುವುದು ಬಾಯಲ್ಲಿ. ಒಳಪೊರೆ ಗಡುಸಾಗಿ ದವಡೆ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬಂದವರಿಗೆ ಅನ್ನದ ತುತ್ತು ಬಾಯಿಗಿಡುವುದೇ ಕಷ್ಟವಾಗುತ್ತದೆ, ಮುಂದೆ ಅದು ಕ್ಯಾನ್ಸರ್‌ಗೂ ತಿರುಗಬಹುದು. ಅದನ್ನು ಬೇರೊಂದು ದಿನ ದಂತವೈದ್ಯರನ್ನು ಕರೆಸಿ ಹೇಳಿಸೋಣ. ಅವರು ಪ್ರತಿ ಮಗುವಿಗೂ ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸಿ ನೋಡಲು ಹೇಳಲಿ. ಹಿಡಿಸದ ಮಕ್ಕಳನ್ನು ಅಂದೇ ತಪಾಸಣೆಗೆ ಕಳಿಸಲಿ.