ಫ್ಲೆಕ್ಸಿನ ಮೇಲೆ 99

ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೈನ್‌ನ ಫಲಿತಾಂಶ ಬಂದದ್ದೇ ತಡ, ಮಂಗಳೂರಿನ ಹಂಪನಕಟ್ಟೆಯಿಂದ ಉಡುಪಿಯ ಕಲ್ಸಂಕದವರೆಗೆ ಕಾಲೇಜುಗಳ ಫ್ಲೆಕ್ಸುಗಳು ಎದ್ದು ನಿಲ್ಲುತ್ತವೆ. ಹುಡುಗನ ಫೋಟೋ, ಕೆಳಗೆ ದಪ್ಪಕ್ಕೆ “99%”. ಬಸ್ಸಿನ ಕಿಟಕಿಯಿಂದ ನೋಡಿದವರು, “ನೂರಕ್ಕೆ ಒಂದೇ ಮಾರ್ಕು ಹೋದದ್ದಾ ಮಾರಾಯ್ರೇ!” ಎನ್ನುತ್ತಾರೆ. ಎಷ್ಟು ಹೋಯಿತೆಂದು ಫ್ಲೆಕ್ಸಿನಲ್ಲಿ ಎಲ್ಲೂ ಇಲ್ಲ.

ಪರೀಕ್ಷೆ ಇರುವುದು 300 ಅಂಕಕ್ಕೆ. ಸರಿಯುತ್ತರಕ್ಕೆ 4, ತಪ್ಪಿದರೆ 1 ಕಟ್. ಪರೀಕ್ಷೆ ಹಲವು ಶಿಫ್ಟುಗಳಲ್ಲಿ, ಶಿಫ್ಟಿಗೊಂದು ಪತ್ರಿಕೆ. ಫ್ಲೆಕ್ಸಿನ 99 ಶೇಕಡಾ ಅಂಕವಲ್ಲ, ಪರ್ಸೆಂಟೈಲ್. 99 ಪರ್ಸೆಂಟೈಲ್ ಎಂದರೆ ಆ ಶಿಫ್ಟಿನಲ್ಲಿ ಬರೆದ ನೂರರಲ್ಲಿ 99 ಮಂದಿಯ ಅಂಕ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ, ಅಷ್ಟೆ. ಪತ್ರಿಕೆ ಕಠಿಣವಿದ್ದರೆ 200 ಮುಟ್ಟದವನಿಗೂ ಅದು ಬರುತ್ತದೆ. ಶಿಫ್ಟಿನಲ್ಲಿ ಎಲ್ಲರಿಗಿಂತ ಮುಂದಿದ್ದವನಿಗೆ 300 ಬಾರದಿದ್ದರೂ 100 ಪರ್ಸೆಂಟೈಲ್ ಖಚಿತ. ಕಂಬಳದಲ್ಲಿ ಐಕಳದ ಕರೆಯ (ಕೋಣಗಳು ಓಡುವ ಕೆಸರು ಓಟದಂಕಣದ) ಉದ್ದ ಬೇರೆ, ಕಕ್ಕೆಪದವಿನದು ಬೇರೆ; ಕೋಣಗಳ ಸೆಕೆಂಡು ಹೋಲಿಸಿ ಪ್ರಯೋಜನವಿಲ್ಲ, ಆಯಾ ಕರೆಯಲ್ಲಿ ಎಷ್ಟನೆಯದಾಗಿ ಬಂದವು ಎಂದೇ ನೋಡಬೇಕು. ಶಿಫ್ಟುಗಳ ಲೆಕ್ಕವೂ ಇದೇ.

ಇನ್ನು ರ‍್ಯಾಂಕ್. ನೂರರಿಂದ ಪರ್ಸೆಂಟೈಲ್ ಕಳೆಯಿರಿ, ನೂರರಿಂದ ಭಾಗಿಸಿ, ಬರೆದವರ ಸಂಖ್ಯೆಯಿಂದ ಗುಣಿಸಿ. 12 ಲಕ್ಷ ಮಂದಿ ಬರೆದಿದ್ದರೆ ನಮ್ಮ 99ರ ವೀರ ಸುಮಾರು 12,000ನೆಯವನು. ಸುರತ್ಕಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಸಾಮಾನ್ಯ ವರ್ಗದವನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಈ ರ‍್ಯಾಂಕಿಗೆ ಸಿಗದು. ಫ್ಲೆಕ್ಸ್ ಮಾತ್ರ ಎನ್‌ಐಟಿಕೆ ಗೇಟಿನ ಎದುರೇ ಇರುತ್ತದೆ.

ಒಟ್ಟು ಪರ್ಸೆಂಟೈಲ್ ಕಡಿಮೆಯಾದರೂ ಫ್ಲೆಕ್ಸಿಗೇನೂ ಭಂಗವಿಲ್ಲ. ವಿಷಯವಾರು ಪರ್ಸೆಂಟೈಲ್ ಬೇರೆ ಉಂಟಲ್ಲ, “ಫಿಸಿಕ್ಸಿನಲ್ಲಿ 99.8” ಎಂದು ಹಾಕಿದರಾಯಿತು. ಮೂರು ವಿಷಯಗಳ ಪರ್ಸೆಂಟೈಲಿನ ಸರಾಸರಿಯೇ ಒಟ್ಟು ಎಂದು ಅಪ್ಪ ಕ್ಯಾಲ್ಕುಲೇಟರ್ ಒತ್ತಿದರೆ ಉತ್ತರ ಕೂಡಿಬರುವುದಿಲ್ಲ. ಒಟ್ಟು ಪರ್ಸೆಂಟೈಲ್ ಹುಟ್ಟುವುದು ಒಟ್ಟು ಅಂಕದಿಂದ.

ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯದು ಇನ್ನೂ ಸೊಗಸು. ಎಂಜಿನಿಯರಿಂಗಿಗೆ ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕ ಅರ್ಧ, ಸಿಇಟಿ ಅರ್ಧ. ಕೃಷಿ, ಪಶುವೈದ್ಯ, ಫಾರ್ಮಸಿಗೆ ಬೇರೆ ಬೇರೆ ರ‍್ಯಾಂಕ್ ಪಟ್ಟಿ. ಜಾಣೆಯೊಬ್ಬಳು ಎಲ್ಲದರಲ್ಲೂ ಬಂದರೆ ಜಾಹೀರಾತಿನಲ್ಲಿ ಅವಳೇ ನಾಲ್ಕು ರ‍್ಯಾಂಕ್. ಅಂಥ ಹತ್ತು ಮಂದಿ ಸಾಕು, “ನಮ್ಮಲ್ಲಿ 40 ರ‍್ಯಾಂಕ್” ಎಂದು ಡಂಗುರ ಹೊಡೆಯಬಹುದು.

ಹಲವರು ಒಂದೇ ಪರ್ಸೆಂಟೈಲಿನಲ್ಲಿ ಗುಂಪುಗೂಡಬಾರದೆಂದು ಜೆಇಇ ನಡೆಸುವ ಎನ್‌ಟಿಎ ಪರ್ಸೆಂಟೈಲನ್ನು ಏಳು ದಶಾಂಶದವರೆಗೆ ಕೊಡುತ್ತದೆ. ಅಷ್ಟನ್ನೂ ಹಾಕಿದರೆ ಸಂಚಾಲಕರ ಫೋಟೋಕ್ಕೆ ಜಾಗ ಸಾಲದೆಂದು ಪ್ರಿಂಟಿಂಗ್ ಅಂಗಡಿಯವರು ದಶಾಂಶವನ್ನೇ ಕತ್ತರಿಸುತ್ತಾರೆ.