ಸೈಜ್ ಪ್ರಕಾರ ಸಾರ್

ಮೈಸೂರಿನಲ್ಲಿ ಕರಾವಳಿಯವರು ಮನೆಮಂದಿಯೇ ಸೇರಿ ನಡೆಸುವ ಮೀನಿನ ಹೋಟೆಲ್‌ಗೆ ಒಂದು ನಮೂನೆ ಇದೆ. ಗಲ್ಲಾದಲ್ಲಿ ಅಪ್ಪ, ಒಲೆ ಮುಂದೆ ಅಮ್ಮ, ಟೇಬಲ್ ಹತ್ತಿರ ಮಗ. ಮೆನುವಿನಲ್ಲಿ ನೀರ್ ದೋಸೆಗೆ ರೇಟು ಇದೆ, ಕುಚ್ಚಲಕ್ಕಿ ಅನ್ನಕ್ಕಿದೆ, ನೀರಿನ ಬಾಟಲಿಗೂ ಇದೆ. ಅಂಜಲ್, ಮಾಂಜಿ, ಕಾಣೆ ಮೀನುಗಳ ಎದುರು ಮಾತ್ರ ‘ಸೈಜ್ ಪ್ರಕಾರ’.

ಯಾರ ಸೈಜ್? ಮೀನಿನದೋ, ಗಿರಾಕಿಯ ಕಾರಿನದೋ? ಕೇಳುವವರಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಮಾರು ಮಲ್ಲಿಗೆಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ಜಗ್ಗಾಡುವ ನಮ್ಮ ಜನ ಇಲ್ಲಿ ಕೂತ ಕೂಡಲೇ ಅರಮನೆಯವರಾಗಿಬಿಡುತ್ತಾರೆ. ಎಷ್ಟು ಅಂತ ಕೇಳಿದರೆ ಮಾನ ಹೋಗುತ್ತದೆ. ಬೀಗರು ಜೊತೆಗಿದ್ದರಂತೂ ಮುಗಿಯಿತು.

ಕೇಳುವುದು ಒಂದೇ ಪ್ರಶ್ನೆ: ‘ಫ್ರೆಶ್ ಇದೆಯೇನಪ್ಪಾ?’ ಇದಕ್ಕೆ ಇಲ್ಲ ಅಂದ ಹೋಟೆಲ್ ಇನ್ನೂ ಹುಟ್ಟಿಲ್ಲ. ‘ಬೆಳಗ್ಗೆ ತಾನೇ ಬಂತು ಸಾರ್.’ ಬಂದಿರಬಹುದು. ಮಂಗಳೂರಿನಿಂದ ಸುಮಾರು 250 ಕಿಲೋಮೀಟರ್, ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ, ಐಸಿನಲ್ಲಿ ಮಲಗಿಕೊಂಡೇ ಬಂದಿರುತ್ತದೆ. ಅದಕ್ಕೂ ಮೊದಲು ಬೋಟಿನಲ್ಲಿ ಎಷ್ಟು ದಿನ ಮಲಗಿತ್ತು ಅನ್ನುವುದು ಬೇರೆ ಲೆಕ್ಕ.

ನಿಜವಾದ ತಮಾಷೆ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಗಳಿಗೆ ವಿನಾಯಿತಿ ಇದೆ, ಆದರೆ ಆ ಅಬ್ಬರದಲ್ಲಿ ಅವರೂ ದಿನಾ ಇಳಿಯುವುದಿಲ್ಲ. ಮಲ್ಪೆಯಲ್ಲಿ ಬೋಟು ದಡದಲ್ಲಿ ನಿಂತಿದೆ. ಮೈಸೂರಿನಲ್ಲಿ ‘ಇಂದಿನ ತಾಜಾ ಮೀನು’ ಬೋರ್ಡು ಬಾಗಿಲಲ್ಲಿ ನಿಂತಿದೆ.

ಆಮೇಲೆ ತಟ್ಟೆ ದರ್ಶನ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಮಗ ಹಸಿ ಮೀನು ತಂದು ಮುಂದೆ ಹಿಡಿಯುತ್ತಾನೆ. ಬೆಂಡೆಕಾಯಿ ತುದಿ ಮುರಿದಷ್ಟೇ ಅನುಭವವಿರುವ ಸಾಹೇಬರು ಕಿವಿರು ಎತ್ತುತ್ತಾರೆ, ಕಣ್ಣು ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ. ಕಿವಿರು ಕೆಂಪಗಿರಬೇಕೋ ಬೇಡವೋ ಅಂತ ಒಳಗೊಳಗೇ ಅನುಮಾನ. (ಕೆಂಪಗಿರಬೇಕು.) ‘ಹ್ಞೂಂ, ಮಾಡ್ಸು.’ ತರಕಾರಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಇಲ್ಲಿ ತಕ್ಕಡಿಯೇ ಇಲ್ಲ, ಮಗನ ಕಣ್ಣಳತೆಯೇ ಕಾನೂನು.

ಇದೇ ಸಾಹೇಬರು ಕನ್ನಂಬಾಡಿ ಹಿನ್ನೀರಿನ ಹತ್ತಿರ ಹೋಗಲಿ. ಅಲ್ಲೇ ಹಿಡಿದ ಕಾಟ್ಲಾ, ಜಿಲೇಬಿ ಮೀನಿಗೆ ಮೊದಲು ರೇಟು ಕೇಳುತ್ತಾರೆ, ಆಮೇಲೆ ‘ಜಾಸ್ತಿ ಆಯ್ತು’ ಅನ್ನುತ್ತಾರೆ.

ಅಮ್ಮನ ಕೈರುಚಿಗೆ ತಕರಾರಿಲ್ಲ. ಆ ರವಾ ಫ್ರೈ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಅದಕ್ಕೇ ಬಿಲ್ ಯಾವಾಗಲೂ ಕೈ ತೊಳೆದ ಮೇಲೆ ಬರುತ್ತದೆ. ಸಾಹೇಬರು ಅದನ್ನು ಓದುತ್ತಾರೆ, ಬೀಗರ ಕಡೆ ನಗುತ್ತಾರೆ, ಸೋಂಪು ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳುತ್ತಾರೆ.

ನನ್ನದೊಂದು ಮನವಿ. ಕನ್ನಂಬಾಡಿ ಕಟ್ಟೆಯ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದಲ್ವಾ, ಗರಿಷ್ಠ 124.80 ಅಡಿ, ಇಂದು ಇಷ್ಟು ಅಂತ? ಪಕ್ಕದಲ್ಲೇ ಅಂಜಲ್ ಮಟ್ಟವೂ ಬರಲಿ. ಒಳಹರಿವು ಹೊಟ್ಟೆಗೆ ಎಷ್ಟು, ಹೊರಹರಿವು ಜೇಬಿನಿಂದ ಎಷ್ಟು ಅಂತ.